ಟೊಲೆಡೊಗೆ ಪುಸ್ತಕ ಹುಡುಕಿಕೊಂಡು ಬಂದವರು

ಪ್ರೌಢಶಾಲೆಯ ಗಣಿತದಲ್ಲಿ ತ್ರಿಕೋನಮಿತಿ ಆರಂಭವಾದ ದಿನವೇ ಮಕ್ಕಳಿಗೆ 'ಸೈನ್' ಎಂಬ ಶಬ್ದ ಪರಿಚಯವಾಗುತ್ತದೆ. ಸೂತ್ರ ಬಾಯಿಪಾಠವಾಗುತ್ತದೆ, ಲೆಕ್ಕ ಬಿಡಿಸುವುದೂ ಬರುತ್ತದೆ. ಆದರೆ ಆ ಶಬ್ದಕ್ಕೆ ಅರ್ಥವೇನು ಎಂದು ಕೇಳುವವರು ಕಡಿಮೆ. ಅದು ಲ್ಯಾಟಿನ್ ಭಾಷೆಯ 'ಸೈನಸ್' ಎಂಬ ಮಾತಿನಿಂದ ಬಂದದ್ದು. ಬಟ್ಟೆಯ ಮಡಿಕೆ, ಮಡಿಲು, ಕೊಲ್ಲಿ ಎಂಬೆಲ್ಲ ಅರ್ಥಗಳು ಅದಕ್ಕಿವೆ. ತ್ರಿಕೋನಕ್ಕೂ ಮಡಿಲಿಗೂ ಎತ್ತಣಿಂದೆತ್ತ ಸಂಬಂಧ?

ಸಂಬಂಧವೇನೂ ಇಲ್ಲ. ಇದು ಅನುವಾದದಲ್ಲಿ ಆದ ಎಡವಟ್ಟು. ಆರ್ಯಭಟ ಮೊದಲಾದ ಭಾರತದ ಖಗೋಳಜ್ಞರು ವೃತ್ತದ ಕಂಸವನ್ನು ಬಿಲ್ಲಿಗೆ ಹೋಲಿಸಿದರು. ಕಂಸದ ಎರಡು ತುದಿಗಳನ್ನು ಸೇರಿಸುವ ಗೆರೆ ಬಿಲ್ಲಿನ ಹೆದೆಯಾಯಿತು. ಹೆದೆಗೆ ಸಂಸ್ಕೃತದಲ್ಲಿ 'ಜ್ಯಾ' ಅಥವಾ 'ಜೀವಾ' ಎನ್ನುತ್ತಾರೆ. ಅರಬ್ಬೀ ಭಾಷೆಯಲ್ಲಿ ಬರೆಯುತ್ತಿದ್ದ ಖಗೋಳಜ್ಞರು ಈ ಲೆಕ್ಕವನ್ನು ಕಲಿತಾಗ ಶಬ್ದವನ್ನೂ 'ಜೀಬ' ಎಂದು ಹಾಗೆಯೇ ಉಳಿಸಿಕೊಂಡರು. ಅರಬ್ಬೀ ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಹೀಗಾಗಿ ಅದೇ ಅಕ್ಷರಗಳನ್ನು 'ಜೈಬ್' ಎಂದೂ ಓದಬಹುದಾಗಿತ್ತು. ಉಡುಪಿನ ಮಡಿಕೆ ಎಂಬ ಅರ್ಥದ ಆ ಶಬ್ದ ನಮಗೂ ಹೊಸದಲ್ಲ. ಅಂಗಿಯ 'ಜೇಬು' ಅದರಿಂದಲೇ ಬಂದದ್ದು. ಹನ್ನೆರಡನೆಯ ಶತಮಾನದಲ್ಲಿ ಈ ಗ್ರಂಥಗಳನ್ನು ಲ್ಯಾಟಿನ್‌ಗೆ ತಂದವರು ಹೆದೆಯನ್ನು ಜೇಬೆಂದು ಓದಿಕೊಂಡರು, 'ಸೈನಸ್' ಎಂದು ಬರೆದರು. ಅದೇ ಇಂದಿಗೂ ನಿಂತಿದೆ.

ಈ ಒಂದು ಶಬ್ದದ ಪ್ರಯಾಣ ಮಧ್ಯಯುಗದ ಯೂರೋಪಿನ ಚರಿತ್ರೆಯ ಒಂದು ದೊಡ್ಡ ಸಂಗತಿಯನ್ನು ತೋರಿಸುತ್ತದೆ. ಪಾಶ್ಚಾತ್ಯ ನಾಗರಿಕತೆಯನ್ನು ಕ್ರೈಸ್ತ ನಾಗರಿಕತೆ ಎಂದು ಕರೆಯುವುದು ರೂಢಿ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಮಧ್ಯಯುಗದ ಯೂರೋಪಿಗೆ ಶಾಲೆ ಕಟ್ಟಿಕೊಟ್ಟದ್ದು ಕ್ರೈಸ್ತ ಚರ್ಚು. ಆ ಶಾಲೆಯಲ್ಲಿ ಓದಿದ ಅನೇಕ ದೊಡ್ಡ ಪುಸ್ತಕಗಳು ಬಂದದ್ದು ಇಸ್ಲಾಮೀ ಜಗತ್ತಿನಿಂದ. ಎರಡೂ ಕೂಡಿದ ಕಡೆ ವಿಶ್ವವಿದ್ಯಾನಿಲಯ ಎಂಬ ಸಂಸ್ಥೆ ಬೆಳೆಯಿತು. ಆ ಕೂಡುವಿಕೆ ಸರಾಗವಾಗಿ ಆಗಲಿಲ್ಲ. ಎರಡೂ ಧರ್ಮದವರು ಒಬ್ಬರ ಮೇಲೊಬ್ಬರು ಕತ್ತಿ ಎತ್ತಿದ್ದ ಕಾಲದಲ್ಲೇ ಅದು ನಡೆಯಿತು.

ಮಠಗಳ ಕಪಾಟು

ಪಶ್ಚಿಮದ ರೋಮನ್ ಸಾಮ್ರಾಜ್ಯ 476ರಲ್ಲಿ ಕುಸಿಯಿತು. ಆನಂತರದ ಶತಮಾನಗಳನ್ನು 'ಕತ್ತಲ ಯುಗ' ಎಂದು ಹಳೆಯ ಪಠ್ಯಪುಸ್ತಕಗಳು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದವು. ಇತಿಹಾಸಕಾರರು ಈಗ ಆ ಮಾತನ್ನು ಅಷ್ಟಾಗಿ ಬಳಸುವುದಿಲ್ಲ. ಪಟ್ಟಣಗಳು ಸೊರಗಿದ್ದು, ರಸ್ತೆಗಳು ಹಾಳಾದದ್ದು, ಓದುಬರಹ ಬಲ್ಲವರು ಕಡಿಮೆಯಾದದ್ದು ನಿಜ. ಆದರೆ ದೀಪ ಪೂರ್ತಿ ಆರಿರಲಿಲ್ಲ. ಅದನ್ನು ಕಾದವರು ಕ್ರೈಸ್ತ ಸಂನ್ಯಾಸಿಗಳು.

529ರ ಸುಮಾರಿಗೆ ಇಟಲಿಯ ಮಾಂಟೆ ಕ್ಯಾಸಿನೊ ಬೆಟ್ಟದ ಮೇಲೆ ಸಂತ ಬೆನೆಡಿಕ್ಟ್ ಒಂದು ಮಠ ಸ್ಥಾಪಿಸಿದ. ಅವನು ಬರೆದ ನಿಯಮಾವಳಿಯ ಪ್ರಕಾರ ಮಠವಾಸಿಗಳ ದಿನ ಪ್ರಾರ್ಥನೆ, ಮೈಮುರಿಯುವ ದುಡಿಮೆ ಮತ್ತು ಓದು ಎಂದು ಹಂಚಿಕೆಯಾಗಿತ್ತು. ಓದಬೇಕಾದರೆ ಪುಸ್ತಕ ಬೇಕು; ಮುದ್ರಣವಿಲ್ಲದ ಕಾಲದಲ್ಲಿ ಪುಸ್ತಕ ಬೇಕಾದರೆ ಯಾರಾದರೂ ಕೂತು ನಕಲು ಮಾಡಬೇಕು. ಕುರಿ, ಕರುಗಳ ಹದ ಮಾಡಿದ ಚರ್ಮದ ಮೇಲೆ ಮಠಗಳಲ್ಲಿ ನಡೆದ ಈ ನಕಲಿನ ಕೆಲಸ ಬೈಬಲ್ಲನ್ನಷ್ಟೇ ಅಲ್ಲ, ವರ್ಜಿಲ್, ಸಿಸೆರೊರಂಥ ಕ್ರೈಸ್ತರಲ್ಲದ ಲೇಖಕರನ್ನೂ ಉಳಿಸಿತು. ಫ್ರಾಂಕರ ದೊರೆ ಷಾರ್ಲಮೇನ್ 789ರಲ್ಲಿ ಮಠಗಳಲ್ಲೂ ಬಿಷಪ್ಪರ ಪೀಠಗಳಲ್ಲೂ ಶಾಲೆ ಇರಬೇಕು, ಹುಡುಗರಿಗೆ ಓದು, ವ್ಯಾಕರಣ, ಲೆಕ್ಕ, ಹಾಡುಗಾರಿಕೆ ಕಲಿಸಬೇಕು ಎಂದು ಆಜ್ಞೆ ಹೊರಡಿಸಿದ. ಹೊತ್ತುಹೊತ್ತಿನ ಪ್ರಾರ್ಥನೆಗೆ ಗಂಟೆ ಬಾರಿಸುವ ಅಗತ್ಯದಿಂದ ಕಾಲಗಣನೆಗೆ ಮಹತ್ವ ಬಂತು. ಈಸ್ಟರ್ ಹಬ್ಬದ ದಿನ ಗೊತ್ತುಮಾಡಲು ಸೂರ್ಯಚಂದ್ರರ ಲೆಕ್ಕ ಬೇಕಾಯಿತು.

ಆದರೆ ಕಪಾಟಿನಲ್ಲಿ ದೊಡ್ಡ ದೊಡ್ಡ ಖಾಲಿ ಜಾಗಗಳಿದ್ದವು. ಪಶ್ಚಿಮದಲ್ಲಿ ಗ್ರೀಕ್ ಬಲ್ಲವರು ವಿರಳವಾಗಿದ್ದರು. ರೋಮಿನ ವಿದ್ವಾಂಸ ಬೊಯೀಥಿಯಸ್ ಪ್ಲೇಟೊ ಮತ್ತು ಅರಿಸ್ಟಾಟಲರ ಎಲ್ಲ ಕೃತಿಗಳನ್ನೂ ಲ್ಯಾಟಿನ್‌ಗೆ ತರಬೇಕೆಂದು ಹೊರಟಿದ್ದ. 524ರ ಸುಮಾರಿಗೆ ರಾಜದ್ರೋಹದ ಆಪಾದನೆ ಹೊರಿಸಿ ಅವನನ್ನು ಕೊಲ್ಲಿಸಲಾಯಿತು. ಅಷ್ಟರಲ್ಲಿ ಅವನು ಮುಗಿಸಿದ್ದು ಅರಿಸ್ಟಾಟಲನ ತರ್ಕಶಾಸ್ತ್ರದ ಗ್ರಂಥಗಳನ್ನು ಮಾತ್ರ. ಮುಂದೆ ಸುಮಾರು 600 ವರ್ಷ ಪಶ್ಚಿಮ ಯೂರೋಪಿಗೆ ಅರಿಸ್ಟಾಟಲ್ ಎಂದರೆ ಬಹುಮಟ್ಟಿಗೆ ಅಷ್ಟೇ. ಅವನ ಭೌತಶಾಸ್ತ್ರ, ಪ್ರಾಣಿಶಾಸ್ತ್ರ, ಆತ್ಮದ ಕುರಿತ ಗ್ರಂಥ ಓದಲು ಸಿಗುತ್ತಿರಲಿಲ್ಲ. ಟಾಲೆಮಿಯ ಖಗೋಳವಿಜ್ಞಾನ, ಯೂಕ್ಲಿಡನ ಪೂರ್ಣ ರೇಖಾಗಣಿತ, ಗೇಲನ್‌ನ ವೈದ್ಯಶಾಸ್ತ್ರದ ಬಹುಭಾಗ ಇವೂ ಕೈಗೆ ಸಿಕ್ಕಿರಲಿಲ್ಲ.

ಬಾಗ್ದಾದಿನ ಕ್ರೈಸ್ತ ಅನುವಾದಕ

ಆ ಪುಸ್ತಕಗಳು ಇದ್ದದ್ದು ಪೂರ್ವದಲ್ಲಿ. 762ರಲ್ಲಿ ಅಬ್ಬಾಸೀ ಖಲೀಫ ಅಲ್ ಮನ್ಸೂರ್ ಬಾಗ್ದಾದ್ ನಗರ ಕಟ್ಟಿಸಿದ. ಮುಂದಿನ ಎರಡು ಶತಮಾನಗಳಲ್ಲಿ ಗ್ರೀಕ್ ವಿಜ್ಞಾನ ಮತ್ತು ತತ್ತ್ವಶಾಸ್ತ್ರದ ಬಹುಪಾಲು ಗ್ರಂಥಗಳು ಅಲ್ಲಿ ಅರಬ್ಬೀ ಭಾಷೆಗೆ ಬಂದವು. ಖಲೀಫರು, ಮಂತ್ರಿಗಳು, ಸಿರಿವಂತ ವಿದ್ವಾಂಸರು ಹಣ ಕೊಟ್ಟು ಅನುವಾದ ಮಾಡಿಸಿದರು. ಭಾರತದಿಂದ ಖಗೋಳ ಗಣಿತದ ಗ್ರಂಥಗಳೂ ಅಲ್ಲಿಗೆ ಹೋದವು.

ಈ ಅನುವಾದಕರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಹುನಯ್ನ್ ಇಬ್ನ್ ಇಶಾಕ್‌ನದು (809-873). ಅವನು ಮುಸ್ಲಿಮನಲ್ಲ, ಪೂರ್ವದೇಶದ ಕ್ರೈಸ್ತ. ಗ್ರೀಕ್ ವೈದ್ಯ ಗೇಲನ್‌ನ ನೂರಕ್ಕೂ ಹೆಚ್ಚು ಕೃತಿಗಳನ್ನು ಅವನೂ ಅವನ ಬಳಗದವರೂ ಸಿರಿಯಕ್ ಮತ್ತು ಅರಬ್ಬೀ ಭಾಷೆಗಳಿಗೆ ತಂದರು. ಗೇಲನ್‌ನ ಒಂದೇ ಒಂದು ಗ್ರಂಥಕ್ಕಾಗಿ ಮೆಸೊಪೊಟೇಮಿಯ, ಸಿರಿಯ, ಪ್ಯಾಲೆಸ್ಟೈನ್, ಈಜಿಪ್ಟ್ ಸುತ್ತಿ ಅಲೆಕ್ಸಾಂಡ್ರಿಯದ ತನಕ ಹೋದದ್ದನ್ನು ಅವನು ಬರೆದಿಟ್ಟಿದ್ದಾನೆ. ಕೊನೆಗೆ ಡಮಾಸ್ಕಸ್‌ನಲ್ಲಿ ಅದು ಸಿಕ್ಕಿತು, ಅದೂ ಸುಮಾರು ಅರ್ಧ ಭಾಗ ಮಾತ್ರ.

ಇಸ್ಲಾಮೀ ಜಗತ್ತಿನ ವಿದ್ವಾಂಸರು ಗ್ರೀಕ್ ಗಂಟನ್ನು ಜೋಪಾನವಾಗಿ ಕಟ್ಟಿಟ್ಟು ಯೂರೋಪಿಗೆ ಹಿಂತಿರುಗಿಸಿದರು ಎಂದು ಕೆಲವರು ಹೇಳುವುದುಂಟು. ಅವರ ಕೆಲಸ ಕೇವಲ ಉಗ್ರಾಣದ ಕಾವಲಾಗಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಅಲ್ ಖ್ವಾರಿಜ್ಮಿ ಬೀಜಗಣಿತವನ್ನು ಪ್ರತ್ಯೇಕ ಶಾಸ್ತ್ರವಾಗಿ ಬರೆದ. ಅವನ ಗ್ರಂಥದ ಹೆಸರಿನಲ್ಲಿರುವ 'ಅಲ್ ಜಬ್ರ್' ಎಂಬ ಮಾತೇ 'ಆಲ್ಜಿಬ್ರಾ' ಆಯಿತು, ಅವನ ಹೆಸರು ಕಂಪ್ಯೂಟರ್ ತರಗತಿಯ 'ಆಲ್ಗರಿದಂ' ಆಯಿತು. ಇಬ್ನ್ ಅಲ್ ಹೈಥಂ ಬೆಳಕು ಮತ್ತು ದೃಷ್ಟಿಯ ಬಗ್ಗೆ ಪ್ರಯೋಗಗಳನ್ನು ಮಾಡಿ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುವುದರಿಂದ ನಾವು ನೋಡುತ್ತೇವೆಂದು ತೋರಿಸಿದ. ಕಣ್ಣೇ ಕಿರಣ ಬಿಡುತ್ತದೆ ಎಂಬ ಯೂಕ್ಲಿಡ್, ಟಾಲೆಮಿಯರ ಮಾತನ್ನು ತಳ್ಳಿಹಾಕಿದ. ಇಬ್ನ್ ಸೀನಾ 1025ರ ಸುಮಾರಿಗೆ ಮುಗಿಸಿದ 'ವೈದ್ಯಸೂತ್ರ' ಐದು ಭಾಗಗಳ ಮಹಾಗ್ರಂಥ. ಗ್ರೀಕರನ್ನು ಓದಿ, ಪರೀಕ್ಷಿಸಿ, ತಪ್ಪು ಕಂಡಲ್ಲಿ ತಿದ್ದಿ ಮುಂದೆ ಹೋದವರು ಇವರು.

ಗಡಿಯ ಪಟ್ಟಣ

ಈ ವಿದ್ಯೆ ಪಶ್ಚಿಮ ಯೂರೋಪಿಗೆ ತಲುಪಿದ ಮುಖ್ಯ ದಾರಿ ಸ್ಪೇನ್. 711ರಿಂದ ಸ್ಪೇನಿನ ಬಹುಭಾಗ ಮುಸ್ಲಿಂ ಆಳ್ವಿಕೆಯಲ್ಲಿತ್ತು. ಹತ್ತನೆಯ ಶತಮಾನದ ಕಾರ್ಡೋವಾ ಯೂರೋಪಿನ ಅತಿ ದೊಡ್ಡ ನಗರಗಳಲ್ಲಿ ಒಂದು. ಅಲ್ಲಿನ ಖಲೀಫರ ಪುಸ್ತಕ ಭಂಡಾರ ದೂರದೂರಕ್ಕೆ ಹೆಸರಾಗಿತ್ತು. 1085ರಲ್ಲಿ ಕ್ರೈಸ್ತ ದೊರೆ ಆರನೆಯ ಆಲ್ಫಾನ್ಸೊ ಟೊಲೆಡೊ ಪಟ್ಟಣವನ್ನು ಗೆದ್ದುಕೊಂಡ. ಪಟ್ಟಣದ ಒಡೆತನ ಬದಲಾಯಿತು, ಜನ ಹೆಚ್ಚುಕಡಿಮೆ ಅಲ್ಲೇ ಉಳಿದರು. ತಲೆಮಾರುಗಳಿಂದ ಅರಬ್ಬೀ ಮಾತಾಡುತ್ತಿದ್ದ ಸ್ಥಳೀಯ ಕ್ರೈಸ್ತರು, ಅರಬ್ಬೀಯಲ್ಲೇ ಓದಿ ಬರೆಯುತ್ತಿದ್ದ ಯೆಹೂದಿಗಳು, ಮುಸ್ಲಿಮರು ಒಂದೇ ಊರಿನಲ್ಲಿದ್ದರು. ಅರಬ್ಬೀ ಪುಸ್ತಕಗಳೂ ಉಳಿದವು. 1126ರಿಂದ 1152ರವರೆಗೆ ಇಲ್ಲಿ ಆರ್ಚ್‌ಬಿಷಪ್ಪನಾಗಿದ್ದ ರೇಮಂಡನ ಕಾಲದಲ್ಲಿ ಅನುವಾದದ ಕೆಲಸಕ್ಕೆ ಚರ್ಚಿನ ಆಸರೆ ದೊರೆಯಿತು.

ಇಟಲಿಯ ಕ್ರೆಮೋನಾ ಊರಿನವನಾದ ಜೆರಾರ್ಡ್ ಹುಟ್ಟಿದ್ದು 1114ರ ಸುಮಾರಿಗೆ. ಟಾಲೆಮಿಯ 'ಆಲ್ಮಜೆಸ್ಟ್' ಎಂಬ ಖಗೋಳ ಗ್ರಂಥವನ್ನು ಓದಬೇಕೆಂಬುದು ಅವನ ಹಂಬಲ. ಲ್ಯಾಟಿನ್‌ನಲ್ಲಿ ಅದು ಸಿಗಲಿಲ್ಲ. ಅದಕ್ಕಾಗಿ ಟೊಲೆಡೊಗೆ ಬಂದ. ಅಲ್ಲಿ ಎಲ್ಲ ಶಾಸ್ತ್ರಗಳಲ್ಲೂ ಅರಬ್ಬೀ ಪುಸ್ತಕಗಳ ರಾಶಿ ಕಂಡು, ಲ್ಯಾಟಿನ್ ಓದುಗರ ಬಡತನಕ್ಕೆ ಮರುಗಿ, ಅರಬ್ಬೀ ಕಲಿಯಲು ಕೂತನೆಂದು ಅವನ ಶಿಷ್ಯರು ಬರೆದಿದ್ದಾರೆ. ಒಂದು ಪುಸ್ತಕಕ್ಕಾಗಿ ಬಂದವನು ತನ್ನ ಉಳಿದ ಆಯುಷ್ಯವನ್ನು ಅನುವಾದಕ್ಕೇ ಕೊಟ್ಟ. 'ಆಲ್ಮಜೆಸ್ಟ್' ಅನುವಾದ ಮುಗಿದದ್ದು 1175ರಲ್ಲಿ. ಅಷ್ಟು ಹೊತ್ತಿಗೆ ಅವನಿಗೆ ಅರವತ್ತರ ಆಸುಪಾಸು.

ಕೆಲಸ ನಡೆಯುತ್ತಿದ್ದ ಕ್ರಮವೂ ತಿಳಿಯಬೇಕಾದದ್ದೇ. ಅನೇಕ ಸಲ ಅದು ಒಬ್ಬನ ಕೆಲಸವಾಗಿರುತ್ತಿರಲಿಲ್ಲ. ಇಬ್ನ್ ಸೀನಾನ ಆತ್ಮವಿಚಾರದ ಗ್ರಂಥವನ್ನು ಅನುವಾದಿಸುವಾಗ ಅವೆಂದೌತ್ ಎಂಬ ಯೆಹೂದಿ ವಿದ್ವಾಂಸ ಅರಬ್ಬೀ ಮಾತುಗಳನ್ನು ಒಂದೊಂದಾಗಿ ಊರಿನ ಆಡುಮಾತಿನಲ್ಲಿ ಹೇಳುತ್ತಿದ್ದ. ಡೊಮಿನಿಕಸ್ ಎಂಬ ಕ್ರೈಸ್ತ ಪಾದ್ರಿ ಅದನ್ನು ಲ್ಯಾಟಿನ್‌ನಲ್ಲಿ ಬರೆದುಕೊಳ್ಳುತ್ತಿದ್ದ. ಒಬ್ಬ ಮುಸ್ಲಿಂ ತತ್ತ್ವಜ್ಞಾನಿಯ ಪುಸ್ತಕ, ಹೇಳಿದವನು ಯೆಹೂದಿ, ಬರೆದವನು ಕ್ರೈಸ್ತ. ಜೆರಾರ್ಡನಿಗೂ ಘಾಲಿಬ್ ಎಂಬ ಅರಬ್ಬೀ ಬಲ್ಲ ಸ್ಥಳೀಯ ಕ್ರೈಸ್ತನೊಬ್ಬ ನೆರವಾಗಿದ್ದ. ಹೀಗೆ ಬಾಯಿಂದ ಬಾಯಿಗೆ, ಭಾಷೆಯಿಂದ ಭಾಷೆಗೆ ದಾಟುವಾಗ ಹೆದೆ ಜೇಬಾಗುವಂಥ ತಪ್ಪುಗಳು ನುಸುಳಿದ್ದರಲ್ಲಿ ಆಶ್ಚರ್ಯವಿಲ್ಲ. ನುಸುಳದೆ ಉಳಿದದ್ದು ಅಷ್ಟೊಂದಿದೆ ಎಂಬುದೇ ಆಶ್ಚರ್ಯ.

ಸ್ಪೇನ್ ಒಂದೇ ದಾರಿಯಲ್ಲ. ಉತ್ತರ ಆಫ್ರಿಕದಿಂದ ಬಂದ ಕಾನ್‌ಸ್ಟಂಟೈನ್ ಎಂಬಾತ ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಸಂತ ಬೆನೆಡಿಕ್ಟನ ಅದೇ ಮಾಂಟೆ ಕ್ಯಾಸಿನೊ ಮಠದಲ್ಲಿ ಸಂನ್ಯಾಸಿಯಾಗಿದ್ದು ಅರಬ್ಬೀ ವೈದ್ಯಗ್ರಂಥಗಳನ್ನು ಲ್ಯಾಟಿನ್‌ಗೆ ತಂದ. ಸಿಸಿಲಿಯ ಕ್ರೈಸ್ತ ದೊರೆ ಎರಡನೆಯ ರೋಜರ್‌ನ ಆಸ್ಥಾನದಲ್ಲಿ ಅಲ್ ಇದ್ರೀಸಿ ಎಂಬ ಮುಸ್ಲಿಂ ಭೂಗೋಳಜ್ಞ 1154ರಲ್ಲಿ ಆ ಕಾಲಕ್ಕೆ ಗೊತ್ತಿದ್ದ ಜಗತ್ತಿನ ನಕ್ಷೆ ಮತ್ತು ವಿವರಣೆಯನ್ನು ಸಿದ್ಧಮಾಡಿಕೊಟ್ಟ.

ಜಗಳದ ನಡುವೆ ಕಲಿಕೆ

ಇದನ್ನೆಲ್ಲ ಕೇಳಿದಾಗ ಎಲ್ಲರೂ ಸೋದರರಂತೆ ಬಾಳುತ್ತಿದ್ದರೆಂದು ಅನ್ನಿಸಬಹುದು. ಹಾಗೆ ನಂಬುವುದೂ ಚರಿತ್ರೆಗೆ ಮಾಡುವ ಅನ್ಯಾಯ. 1095ರಲ್ಲಿ ಪೋಪ್ ಎರಡನೆಯ ಅರ್ಬನ್ ಧರ್ಮಯುದ್ಧಕ್ಕೆ ಕರೆ ಕೊಟ್ಟ. 1099ರಲ್ಲಿ ಜೆರೂಸಲೇಮನ್ನು ಗೆದ್ದ ಕ್ರೈಸ್ತ ಪಡೆಗಳು ಅಲ್ಲಿನ ಮುಸ್ಲಿಮರನ್ನೂ ಯೆಹೂದಿಗಳನ್ನೂ ಕೊಂದುಹಾಕಿದವು. ಸ್ಪೇನಿನಲ್ಲಿಯೂ ಯುದ್ಧ ನಿಂತಿರಲಿಲ್ಲ.

ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಪೀಟರ್ 1142ರಲ್ಲಿ ಸ್ಪೇನಿಗೆ ಬಂದು ಕುರ್‌ಆನನ್ನು ಲ್ಯಾಟಿನ್‌ಗೆ ಅನುವಾದಿಸಲು ವಿದ್ವಾಂಸರನ್ನು ನೇಮಿಸಿದ. ಇಸ್ಲಾಂ ಧರ್ಮವನ್ನು ಗೌರವಿಸುವುದು ಅವನ ಉದ್ದೇಶವಲ್ಲ, ಅದನ್ನು ಖಂಡಿಸುವುದು. ಆದರೆ ಖಂಡಿಸುವ ಮೊದಲು ಓದಬೇಕು ಎಂಬ ವಿವೇಕ ಅವನಿಗಿತ್ತು. ಅನುವಾದ ಮಾಡಿದ ಇಂಗ್ಲೆಂಡಿನ ರಾಬರ್ಟ್‌ಗೆ ಧರ್ಮಚರ್ಚೆಯಲ್ಲಿ ಅಂಥ ಆಸಕ್ತಿಯಿರಲಿಲ್ಲ. ಅವನು ಸ್ಪೇನಿಗೆ ಬಂದದ್ದು ರೇಖಾಗಣಿತ, ಖಗೋಳ ಕಲಿಯಲು. 1143ರಲ್ಲಿ ಕೆಲಸ ಮುಗಿಸಿಕೊಟ್ಟ. ದ್ವೇಷ, ಕುತೂಹಲ, ಹಣದ ಅಗತ್ಯ, ವಿದ್ಯೆಯ ಹಸಿವು ಎಲ್ಲವೂ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದ ಕಾಲ ಅದು.

ಪ್ಯಾರಿಸ್ಸಿನ ನಿಷೇಧ

ಪುಸ್ತಕ ಬಂದರೆ ಸಾಲದು, ಓದುವ ಜಾಗ ಬೇಕು. ಕ್ರೈಸ್ತ ಚರ್ಚು ಕಟ್ಟಿದ ವ್ಯವಸ್ಥೆ ಕೈಹಿಡಿದದ್ದು ಇಲ್ಲಿ. 1179ರಲ್ಲಿ ರೋಮಿನಲ್ಲಿ ಸೇರಿದ ಚರ್ಚಿನ ಮಹಾಸಭೆ ಪ್ರತಿ ಕೆಥೆಡ್ರಲ್‌ನಲ್ಲೂ ಬಡ ವಿದ್ಯಾರ್ಥಿಗಳಿಗೆ ಪುಕ್ಕಟೆಯಾಗಿ ಕಲಿಸಲು ಒಬ್ಬ ಉಪಾಧ್ಯಾಯನಿರಬೇಕು, ಅವನ ಜೀವನಕ್ಕೆ ಏರ್ಪಾಡು ಮಾಡಬೇಕು ಎಂದು ವಿಧಿಸಿತು. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಬೊಲೋನ್ಯ, ಪ್ಯಾರಿಸ್, ಆಕ್ಸ್‌ಫರ್ಡ್‌ಗಳಲ್ಲಿ ವಿಶ್ವವಿದ್ಯಾನಿಲಯಗಳು ರೂಪುಗೊಂಡವು. ಪಾಠದ ಭಾಷೆ ಎಲ್ಲೆಲ್ಲೂ ಲ್ಯಾಟಿನ್. ಹೀಗಾಗಿ ಟೊಲೆಡೊದಲ್ಲಿ ಆದ ಒಂದು ಅನುವಾದವನ್ನು ಇಟಲಿಯ ವಿದ್ಯಾರ್ಥಿಯೂ ಇಂಗ್ಲೆಂಡಿನ ವಿದ್ಯಾರ್ಥಿಯೂ ಓದಬಹುದಿತ್ತು. ಇಸ್ಲಾಮೀ ಜಗತ್ತಿನ ಮದರಸಾಗಳ ಮಾದರಿಯೇ ಯೂರೋಪಿನ ಕಾಲೇಜುಗಳಿಗೆ ಪ್ರೇರಣೆ ಎಂದು ಕೆಲವು ಇತಿಹಾಸಕಾರರು ವಾದಿಸಿದ್ದಾರೆ. ಅದನ್ನು ಒಪ್ಪದವರೂ ಇದ್ದಾರೆ. ಪುಸ್ತಕಗಳ ಋಣದ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ.

ಪುಸ್ತಕಗಳು ಬಂದಾಗ ಸಂತೋಷದ ಜೊತೆ ಭಯವೂ ಬಂತು. ಅರಿಸ್ಟಾಟಲನ ಪ್ರಕಾರ ಜಗತ್ತಿಗೆ ಆದಿಯಿಲ್ಲ. ಬೈಬಲ್ಲಿನ ಪ್ರಕಾರ ದೇವರು ಅದನ್ನು ಸೃಷ್ಟಿಸಿದ. ಯಾವುದನ್ನು ಕಲಿಸುವುದು? 1210ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಬಿಷಪ್ಪರ ಸಭೆ ಅರಿಸ್ಟಾಟಲನ ಪ್ರಕೃತಿವಿಚಾರದ ಗ್ರಂಥಗಳನ್ನೂ ಅವುಗಳ ವ್ಯಾಖ್ಯಾನಗಳನ್ನೂ ಅಲ್ಲಿ ಬಹಿರಂಗವಾಗಿಯಾಗಲಿ ಗುಟ್ಟಾಗಿಯಾಗಲಿ ಪಾಠ ಹೇಳಬಾರದು, ಹೇಳಿದವರಿಗೆ ಧರ್ಮದಿಂದ ಬಹಿಷ್ಕಾರ ಎಂದು ಆಜ್ಞೆ ಮಾಡಿತು. 1215ರಲ್ಲಿ ನಿಷೇಧ ಮತ್ತೆ ಜಾರಿಯಾಯಿತು. 1231ರಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿ, ಆ ಪುಸ್ತಕಗಳನ್ನು ಪರಿಶೀಲಿಸಿ ಶುದ್ಧಿಮಾಡುವ ತನಕ ಉಪಯೋಗಿಸಬಾರದೆಂದ. ಆದರೆ ಓದುವವರು ಓದುತ್ತಲೇ ಇದ್ದರು. 1255ರಲ್ಲಿ ಪ್ಯಾರಿಸ್ಸಿನ ಕಲಾ ವಿಭಾಗ ತನ್ನ ಪಠ್ಯಕ್ರಮವನ್ನು ಪ್ರಕಟಿಸಿದಾಗ ನಿಷೇಧಗೊಂಡಿದ್ದ ಆ ಗ್ರಂಥಗಳೇ ಪಠ್ಯವಾಗಿದ್ದವು. ನಲವತ್ತೈದು ವರ್ಷಗಳಲ್ಲಿ ಬಹಿಷ್ಕಾರದ ಪುಸ್ತಕ ಪರೀಕ್ಷೆಯ ಪುಸ್ತಕವಾಯಿತು.

ಅರಿಸ್ಟಾಟಲನನ್ನು ಅರ್ಥಮಾಡಿಕೊಳ್ಳಲು ಪ್ಯಾರಿಸ್ಸಿನವರು ಆಶ್ರಯಿಸಿದ್ದು ಕಾರ್ಡೋವಾದ ನ್ಯಾಯಾಧೀಶ ಇಬ್ನ್ ರುಶ್ದ್‌ನನ್ನು (1126-1198). ಲ್ಯಾಟಿನ್ ಓದುಗರು ಅವನನ್ನು 'ಅವೆರೋಸ್' ಎಂದು ಕರೆದರು. ಬರಿದೆ 'ವ್ಯಾಖ್ಯಾನಕಾರ' ಎಂದರೂ ಅವನೇ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಕ್ರೈಸ್ತ ದೇವತಾಶಾಸ್ತ್ರದ ಮೇರುವೆನಿಸಿದ ಥಾಮಸ್ ಅಕ್ವಿನಾಸ್ (1225-1274) ಇಬ್ನ್ ಸೀನಾ, ಇಬ್ನ್ ರುಶ್ದ್ ಹಾಗೂ ಅರಬ್ಬೀಯಲ್ಲಿ ಬರೆದ ಯೆಹೂದಿ ತತ್ತ್ವಜ್ಞಾನಿ ಮೈಮೊನಿಡೀಸ್ ಈ ಮೂವರನ್ನೂ ಕೂಲಂಕಷವಾಗಿ ಓದಿದವನು. ಹಲವೆಡೆ ಅವರನ್ನು ಒಪ್ಪಿದ, ಹಲವೆಡೆ ಅವರೊಡನೆ ವಾದಕ್ಕಿಳಿದ. ನಂಬಿಕೆಗೂ ವಿಚಾರಕ್ಕೂ ಮೂಲದಲ್ಲಿ ವಿರೋಧವಿಲ್ಲವೆಂಬ ಅವನ ಸಿದ್ಧಾಂತ ರೂಪುಗೊಂಡದ್ದು ಈ ವಾದದಲ್ಲಿ. ಅವನಿಗೂ ಸುಲಭದ ಮನ್ನಣೆ ಸಿಗಲಿಲ್ಲ. ಅವನು ತೀರಿಕೊಂಡ ಮೂರು ವರ್ಷಕ್ಕೆ, 1277ರಲ್ಲಿ, ಪ್ಯಾರಿಸ್ಸಿನ ಬಿಷಪ್ 219 ವಿಚಾರಗಳ ಪಟ್ಟಿ ಮಾಡಿ ಅವನ್ನು ಬೋಧಿಸಕೂಡದೆಂದು ಖಂಡಿಸಿದಾಗ, ಅದರಲ್ಲಿ ಕೆಲವು ಅಕ್ವಿನಾಸ್‌ನ ಮಾತುಗಳಿಗೂ ತಗಲುವಂತಿದ್ದವು. 1323ರಲ್ಲಿ ಅದೇ ಚರ್ಚು ಅವನನ್ನು ಸಂತನೆಂದು ಘೋಷಿಸಿತು.

ಪುಸ್ತಕದ ಭಯ ಒಂದೇ ಧರ್ಮದ ಸೊತ್ತಲ್ಲ. 1195ರಲ್ಲಿ ಮುಸ್ಲಿಂ ಸ್ಪೇನಿನ ದೊರೆ ಇಬ್ನ್ ರುಶ್ದ್‌ನನ್ನೇ ಗಡೀಪಾರು ಮಾಡಿದ. ಅವನ ತತ್ತ್ವಶಾಸ್ತ್ರದ ಪುಸ್ತಕಗಳನ್ನು ಸುಡಲಾಯಿತು. ಸಾಯುವ ಮೊದಲು ಅವನಿಗೆ ಮನ್ನಣೆ ಮರಳಿತಾದರೂ, ಅವನ ಕೆಲವು ಗ್ರಂಥಗಳ ಅರಬ್ಬೀ ಮೂಲ ಕಳೆದುಹೋಗಿ, ಲ್ಯಾಟಿನ್ ಮತ್ತು ಹೀಬ್ರೂ ಅನುವಾದಗಳಲ್ಲಷ್ಟೇ ಉಳಿದಿವೆ. ತನ್ನವರು ಕಳೆದುಕೊಂಡದ್ದನ್ನು ಪರರು ಓದಿ ಉಳಿಸಿಕೊಂಡರು. ಬೊಯೀಥಿಯಸ್‌ನ ಕಾಲದಲ್ಲಿ ಯೂರೋಪ್ ಕಳೆದುಕೊಂಡದ್ದಕ್ಕೂ ಹೀಗೇ ಆಗಿತ್ತು.

ಸೊನ್ನೆಯ ಸವಾರಿ

ತತ್ತ್ವಶಾಸ್ತ್ರ ಪಂಡಿತರ ಮಾತಾಯಿತು. ಅಂಗಡಿ, ಆಸ್ಪತ್ರೆಗಳ ಬಾಳಿನಲ್ಲೂ ಈ ಪ್ರಭಾವ ಕಾಣುತ್ತದೆ. ಇಬ್ನ್ ಸೀನಾನ 'ವೈದ್ಯಸೂತ್ರ'ವನ್ನು ಲ್ಯಾಟಿನ್‌ಗೆ ತಂದವನೂ ಜೆರಾರ್ಡನೇ. ಯೂರೋಪಿನ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಹದಿನೇಳನೆಯ ಶತಮಾನದವರೆಗೂ ವೈದ್ಯ ವಿದ್ಯಾರ್ಥಿಗಳು ಅದನ್ನು ಓದಿದರು.

ಇನ್ನು ಅಂಕಿಗಳು. ರೋಮನ್ ಅಂಕಿಗಳಲ್ಲಿ ನಾಲ್ಕಂಕಿಯ ಎರಡು ಸಂಖ್ಯೆಗಳನ್ನು ಕಾಗದದ ಮೇಲೆ ಗುಣಿಸಲು ಹೊರಟವರಿಗೆ ಅದರ ಕಷ್ಟ ತಿಳಿಯುತ್ತದೆ. ಆ ಕಾಲದವರು ಮಣೆಯ ಮೇಲೆ ಬಿಲ್ಲೆ ಸರಿಸಿ ಲೆಕ್ಕ ಮಾಡಿ, ಉತ್ತರವನ್ನು ಮಾತ್ರ ರೋಮನ್ ಅಂಕಿಯಲ್ಲಿ ಬರೆದಿಡುತ್ತಿದ್ದರು. ಭಾರತದಲ್ಲಿ ಹುಟ್ಟಿದ ಸ್ಥಾನಬೆಲೆಯ ಕ್ರಮವನ್ನು ಅಲ್ ಖ್ವಾರಿಜ್ಮಿ ಅರಬ್ಬೀಯಲ್ಲಿ ವಿವರಿಸಿದ್ದ. ಅದು ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್‌ಗೆ ಬಂತು. ಅದಕ್ಕೂ ಮೊದಲೇ, 976ರಲ್ಲಿ ಉತ್ತರ ಸ್ಪೇನಿನ ಒಂದು ಕ್ರೈಸ್ತ ಮಠದ ಹಸ್ತಪ್ರತಿಯಲ್ಲಿ ಒಂಬತ್ತು ಅಂಕಿಗಳನ್ನು ಬರೆದಿಟ್ಟಿದ್ದರು, ಸೊನ್ನೆ ಇರಲಿಲ್ಲ. 999ರಲ್ಲಿ ಪೋಪ್ ಆದ ಎರಡನೆಯ ಸಿಲ್ವೆಸ್ಟರ್ ಚಿಕ್ಕಂದಿನಲ್ಲಿ ಸ್ಪೇನಿನ ಗಡಿಸೀಮೆಯಲ್ಲಿ ಗಣಿತ ಕಲಿತವನು. ಲೆಕ್ಕದ ಮಣೆಯಲ್ಲಿ ಈ ಅಂಕಿಗಳನ್ನು ಬಳಸಿದ್ದ.

ವರ್ತಕರ ಕೈಗೆ ಅಂಕಿಗಳನ್ನು ಕೊಟ್ಟವನು ಪೀಸಾ ನಗರದ ಲಿಯೊನಾರ್ಡೊ ಫಿಬೊನಾಚಿ. ಅವನ ತಂದೆ ಇಂದಿನ ಅಲ್ಜೀರಿಯದ ಬುಜಿಯ ಬಂದರಿನಲ್ಲಿ ಸುಂಕದ ಕಟ್ಟೆಯ ಅಧಿಕಾರಿ. ಮಗ ವ್ಯಾಪಾರಕ್ಕೆ ಪಳಗಲಿ ಎಂದು ಅಲ್ಲಿಗೆ ಕರೆಸಿ ಲೆಕ್ಕ ಕಲಿಸಿದ. 1202ರಲ್ಲಿ ಮಗ ಬರೆದ 'ಲಿಬರ್ ಅಬಾಚಿ' ಎಂಬ ಗ್ರಂಥ ಈ ಅಂಕಿಗಳನ್ನು ಭಾರತೀಯರವೆಂದೇ ಪರಿಚಯಿಸಿ, ಸರಕಿನ ಬೆಲೆ, ನಾಣ್ಯ ವಿನಿಮಯ, ಪಾಲುದಾರಿಕೆಯ ಲೆಕ್ಕಗಳನ್ನು ಬಿಡಿಸಿ ತೋರಿಸಿತು. ಸಂಸ್ಕೃತದ 'ಶೂನ್ಯ' ಅರಬ್ಬೀಯ 'ಸಿಫ್ರ್' ಆಗಿ, ಇಟಲಿಯಲ್ಲಿ 'ಜೀರೊ' ಆಯಿತು. ಇಲ್ಲೂ ವಿರೋಧ ತಪ್ಪಲಿಲ್ಲ. 1299ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯಗಾರರ ಸಂಘ ಲೆಕ್ಕದ ಪುಸ್ತಕಗಳಲ್ಲಿ ಹೊಸ ಅಂಕಿ ಬಳಸಬಾರದೆಂದು ನಿಯಮ ಮಾಡಿತು. ಈ ಅಂಕಿಗಳನ್ನು ತಿದ್ದುವುದು ಸುಲಭ ಎಂಬ ಆತಂಕವಿತ್ತು. ಕೊನೆಗೆ ಗೆದ್ದದ್ದು ಅನುಕೂಲವೇ. ಈ ಪುಟದಲ್ಲಿ ಕಾಣುವ 1085, 1175, 1202 ಎಂಬ ಇಸವಿಗಳೂ ಅದೇ ದಾರಿಯಲ್ಲಿ ಲೋಕ ಸುತ್ತಿ ಬಂದ ಅಂಕಿಗಳಲ್ಲಿ ಅಚ್ಚಾಗಿವೆ.

ಉಳಿದ ಲೆಕ್ಕ

ಟೊಲೆಡೊದ ಕಥೆ ಸುಖಾಂತವಲ್ಲ. 1492ರಲ್ಲಿ ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯ ಗ್ರನಾಡ ಕ್ರೈಸ್ತ ದೊರೆಗಳಿಗೆ ಶರಣಾಯಿತು. ಅದೇ ವರ್ಷ ಮತಾಂತರಕ್ಕೆ ಒಪ್ಪದ ಯೆಹೂದಿಗಳನ್ನು ದೇಶದಿಂದ ಹೊರಗಟ್ಟಲಾಯಿತು. 1500ರ ಆಸುಪಾಸಿನಲ್ಲಿ ಟೊಲೆಡೊದ ಆರ್ಚ್‌ಬಿಷಪ್ ಸಿಸ್ನೆರೋಸ್ ಗ್ರನಾಡದಲ್ಲಿ ಅರಬ್ಬೀ ಪುಸ್ತಕಗಳಿಗೆ ಬೆಂಕಿ ಹಾಕಿಸಿದ. ಹಿಂದೆ ಅನುವಾದಕ್ಕೆ ಆಸರೆಯಾದ ರೇಮಂಡ್ ಕುಳಿತಿದ್ದ ಪೀಠದಲ್ಲೇ ಇವನೂ ಕುಳಿತಿದ್ದ. ವೈದ್ಯದ ಪುಸ್ತಕಗಳನ್ನು ಮಾತ್ರ ಸುಡದೆ ಉಳಿಸಿಕೊಂಡರು. ಕಾಯಿಲೆ ಬಿದ್ದಾಗ ಬೇಕಾಗುತ್ತದಲ್ಲ!

ಆದರೆ ಸುಟ್ಟರೂ ಹೋಗದಷ್ಟು ಆ ಹೊತ್ತಿಗೆ ದಾಟಿಯಾಗಿತ್ತು. 1543ರಲ್ಲಿ ಕೊಪರ್ನಿಕಸ್ ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆಂಬ ಗ್ರಂಥವನ್ನು ಪ್ರಕಟಿಸಿದಾಗ, ಅದರಲ್ಲಿ ಅಲ್ ಬತ್ತಾನಿ, ಅಲ್ ಜರ್ಕಾಲಿ ಮುಂತಾದ ಮುಸ್ಲಿಂ ಖಗೋಳಜ್ಞರ ಹೆಸರುಗಳಿದ್ದವು. ಕೊಪರ್ನಿಕಸ್ ಸ್ವತಃ ಒಂದು ಕೆಥೆಡ್ರಲ್‌ನ ಅಧಿಕಾರಿ.

ಪಾಶ್ಚಾತ್ಯ ನಾಗರಿಕತೆಗೆ ಯಾವ ಧರ್ಮ ಎಷ್ಟು ಕೊಟ್ಟಿತು ಎಂದು ತಕ್ಕಡಿ ಹಿಡಿದು ತೂಗುವುದು ಪರೀಕ್ಷೆಯ ಹತ್ತು ಅಂಕದ ಪ್ರಶ್ನೆಗೆ ಸರಿಹೋದೀತು. ಆದರೆ ಆ ಲೆಕ್ಕ ಬೇಗ ಕೈಕೊಡುತ್ತದೆ. ಇಸ್ಲಾಮೀ ಬಾಗ್ದಾದಿಗೆ ಗ್ರೀಕ್ ವೈದ್ಯ ತಂದುಕೊಟ್ಟವನು ಕ್ರೈಸ್ತ ಹುನಯ್ನ್. ಕ್ರೈಸ್ತ ಪ್ಯಾರಿಸ್ಸಿಗೆ ಅರಿಸ್ಟಾಟಲನನ್ನು ಬಿಡಿಸಿ ಹೇಳಿದವನು ಮುಸ್ಲಿಂ ಇಬ್ನ್ ರುಶ್ದ್. ಪುಸ್ತಕಕ್ಕೆ ಹೆದರಿದವರು ಎರಡೂ ಕಡೆ ಇದ್ದರು, ಪುಸ್ತಕಕ್ಕಾಗಿ ಊರೂರು ಅಲೆದವರೂ ಎರಡೂ ಕಡೆ ಇದ್ದರು. ಯೂರೋಪ್ ಬೆಳೆದದ್ದು ಎರಡನೆಯ ಬಗೆಯವರಿಂದ.

ಕ್ರೆಮೋನಾದ ಜೆರಾರ್ಡ್ 1187ರಲ್ಲಿ ತೀರಿಕೊಂಡ. ತಾನು ಅನುವಾದಿಸಿದ ಪುಸ್ತಕಗಳ ಮೇಲೆ ಹೆಸರು ಹಾಕುವ ಅಭ್ಯಾಸ ಅವನಿಗಿರಲಿಲ್ಲ. ಆ ಕೆಲಸ ಬೇರೆಯವರ ಪಾಲಾಗಬಾರದೆಂದು ಅವನ ಶಿಷ್ಯರು ಒಂದು ಪಟ್ಟಿ ಮಾಡಿ, ಅವನ ಕೊನೆಯ ಕೆಲಸಗಳಲ್ಲೊಂದಾದ ಗೇಲನ್‌ನ ಗ್ರಂಥದ ಅನುವಾದಕ್ಕೆ ಅದನ್ನು ಸೇರಿಸಿಟ್ಟರು. ಅದರಲ್ಲಿ 71 ಪುಸ್ತಕಗಳ ಹೆಸರಿವೆ.